ಇನ್ನೂರಕ್ಕೆ ನೂರ ಎಂಬತ್ತಾರು

ಮೂರು ಸಂಗತಿಗಳು ನಡೆದ ಕ್ರಮವನ್ನು ಮೊದಲೇ ಹೇಳಿಬಿಡಬೇಕು. ಕ್ರಮ ಹಿಂದುಮುಂದಾದರೆ ಉಳಿದದ್ದು ಅರ್ಥವಾಗುವುದಿಲ್ಲ. ಆ ಅಕ್ಕತಂಗಿಯರ ಮನೆಯ ತಕ್ಕಡಿ ಕೆಟ್ಟಾಗಲೆಲ್ಲ ಬಂದು ಸರಿಮಾಡಿ ಹೋಗುತ್ತಿದ್ದವರು ತೀರಿಕೊಂಡದ್ದು ಒಂದು ಜನವರಿಯಲ್ಲಿ. ಅದಾಗಿ ಎರಡು ವರ್ಷ ಎರಡು ತಿಂಗಳಿಗೆ, ಮಾರ್ಚ್ ಎರಡನೆಯ ವಾರ, ವಾರಪತ್ರಿಕೆಯ ಅಡುಗೆ ಪುಟ ನಿಂತಿತು. ಏಪ್ರಿಲ್ ಮೊದಲ ವಾರ ಅದೇ ಪುಟದಲ್ಲಿ ಅದೇ ಲೇಖಕಿಯ ಪ್ರೇಮ ಧಾರಾವಾಹಿ ಆರಂಭವಾಯಿತು.

ಅಡುಗೆ ಪುಟವನ್ನು ಅವಳು ಹತ್ತೊಂಬತ್ತು ವರ್ಷ ಬರೆದಿದ್ದಳು. ಚಿಟಿಕೆ, ಹಿಡಿ, ರುಚಿಗೆ ತಕ್ಕಷ್ಟು ಎಂಬ ಮಾತುಗಳನ್ನು ಆ ಪುಟದ ಹೊಸಿಲು ದಾಟಲು ಬಿಟ್ಟವಳಲ್ಲ. ಉಪ್ಪನ್ನು ಕೂಡ ಗ್ರಾಂ ಲೆಕ್ಕದಲ್ಲೇ ಬರೆಯುತ್ತಿದ್ದಳು. ಕಚೇರಿಯಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರ ಬಾಯಲ್ಲೂ ಗ್ರಾಂ ಮೇಡಂ. ಗ್ರಾಂ ಮೇಡಂ ಇವತ್ತು ನಕ್ಕರು, ತೂಕ ಮಾಡಿ ಬರೆದಿಟ್ಟುಕೊಳ್ಳಿ ಎಂದು ಪುಟವಿನ್ಯಾಸದವರು ಅವಳ ಎದುರಿಗೇ ಹೇಳುತ್ತಿದ್ದರು. ಅವಳು ಕೋಪಿಸಿಕೊಳ್ಳುತ್ತಿರಲಿಲ್ಲ. ಆ ಅಡ್ಡಹೆಸರು ಅವಳಿಗೆ ಬಿರುದಿನಂತೆ ಒಳಗೊಳಗೇ ಹಿತವಾಗಿತ್ತು.

ಅವಳು ಸ್ವತಃ ಅಡುಗೆ ಮಾಡುತ್ತಿರಲಿಲ್ಲ ಎಂಬುದು ಕೆಲವರಿಗೆ ಮಾತ್ರ ಗೊತ್ತಿತ್ತು. ಮಾಡುತ್ತಿದ್ದವಳು ಅವಳಿಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ. ಇಬ್ಬರಿಗೂ ಮದುವೆಯಾಗಿರಲಿಲ್ಲ, ಮೂರನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಇಬ್ಬರೇ ಇದ್ದರು. ಅಕ್ಕ ಅಂಕಿಗಳ ಮುಖ ನೋಡಿದವಳಲ್ಲ. ಹಿಟ್ಟಿನ ಡಬ್ಬಿಗೆ ಕೈ ಹಾಕಿ, ಹದ ಬರುವವರೆಗೆ ಸುರಿದು, ಹದ ಬಂದಾಗ ನಿಲ್ಲಿಸುವುದು ಅವಳ ಪದ್ಧತಿ. ಅಕ್ಕ ಕೈ ಹಾಕುವ ಮೊದಲು ಡಬ್ಬಿಯನ್ನು ತೂಗಿ, ಅಕ್ಕ ಕೈ ತೆಗೆದ ಮೇಲೆ ಮತ್ತೆ ತೂಗಿ, ವ್ಯತ್ಯಾಸವನ್ನು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುವುದು ತಂಗಿಯ ಪದ್ಧತಿ. ಆ ವ್ಯತ್ಯಾಸವೇ ಅಚ್ಚಾಗುತ್ತಿತ್ತು. ಮೊಟ್ಟೆಯನ್ನು ಎಣಿಸುತ್ತಿದ್ದರು, ಹಾಲು ನೀರನ್ನು ಲೋಟದಲ್ಲಿ ಅಳೆಯುತ್ತಿದ್ದರು. ಹಿಟ್ಟು, ಸಕ್ಕರೆ, ಬೆಣ್ಣೆಗೆ ಮಾತ್ರ ತಕ್ಕಡಿ. ಪುಟ ಆರಂಭವಾಗಿ ನಾಲ್ಕು ವರ್ಷದ ಮೇಲೆ ಕೊಂಡ, ಮೇಲೊಂದು ತಟ್ಟೆ, ಎದುರಿಗೊಂದು ಮುಳ್ಳು ಇರುವ ತಕ್ಕಡಿ ಅದು. ಪ್ರತಿ ತಿಂಗಳ ಮೊದಲ ಸೋಮವಾರ ಅವಳು ಅದರ ಮೇಲೆ ಇನ್ನೂರು ಗ್ರಾಂನ ಹಿತ್ತಾಳೆಯ ತೂಕದ ಬಟ್ಟನ್ನು ಇಟ್ಟು ನೋಡುತ್ತಿದ್ದಳು. ಮುಳ್ಳು ಇನ್ನೂರಕ್ಕೆ ನಿಲ್ಲದಿದ್ದರೆ ಆ ಹೊತ್ತಿಗೇ ಫೋನು ಮಾಡಿ ತಕ್ಕಡಿಯವರನ್ನು ಕರೆಸುತ್ತಿದ್ದಳು. ಇಷ್ಟೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಕ್ಕೇ ಮಾರ್ಚ್ ಎರಡನೆಯ ವಾರ ಸಂಪಾದಕರು ಹೇಳಿದ ಮಾತನ್ನು ಅವಳಿಗೆ ನುಂಗಲಾಗಲಿಲ್ಲ.

ಹಳೆಯ ಪುಟಗಳಿಂದ ನೂರಿಪ್ಪತ್ತು ಅಡುಗೆಗಳನ್ನು ಆರಿಸಿ ಪುಸ್ತಕ ಮಾಡುವುದೆಂದು ಪತ್ರಿಕೆ ನಿರ್ಧರಿಸಿತ್ತು. ಪುಸ್ತಕವಾಗುವ ಮುನ್ನ ಹೊರಗಿನ ಒಬ್ಬ ಬಾಣಸಿಗರಿಂದ ಎಲ್ಲವನ್ನೂ ಅಚ್ಚಿನಲ್ಲಿದ್ದ ಅಳತೆಯಂತೆಯೇ ಮಾಡಿಸಿ ನೋಡಿದ್ದರು. ನೂರಿಪ್ಪತ್ತರಲ್ಲಿ ಇಪ್ಪತ್ತೊಂಬತ್ತು ಕೈಕೊಟ್ಟವು. ಕೇಕು ನಡುವೆ ಕುಸಿದಿತ್ತು, ಬ್ರೆಡ್ಡಿನ ಹಿಟ್ಟು ಕೈ ಬಿಡದೆ ಅಂಟಿತ್ತು, ಬಿಸ್ಕತ್ತುಗಳು ತಟ್ಟೆಯ ತುಂಬ ಹರಡಿ ಒಂದಕ್ಕೊಂದು ಕೂಡಿಕೊಂಡಿದ್ದವು. ಸಂಪಾದಕರು ಪಟ್ಟಿಯನ್ನು ಅವಳ ಮುಂದೆ ಸರಿಸಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದೆರಡಾಗಿದ್ರೆ ಅಚ್ಚಿನ ದೋಷ ಅಂತಿದ್ದೆ. ಇಪ್ಪತ್ತೊಂಬತ್ತು, ಮೇಡಂ. ನಾನು ಯಾರ ತಲೆಗೆ ಕಟ್ಟಲಿ?"

ಪುಸ್ತಕ ಬಿದ್ದುಹೋಯಿತು. ಅಳತೆಯನ್ನು ನಂಬಲಾಗದ ಮೇಲೆ ಪುಟವೂ ಉಳಿಯುವಂತಿರಲಿಲ್ಲ. ಹತ್ತೊಂಬತ್ತು ವರ್ಷದ ಮುಲಾಜಿಗೆ ಬಿದ್ದು ಅವರು ಇನ್ನೊಂದು ದಾರಿ ತೋರಿಸಿದರು. ಧಾರಾವಾಹಿ ಬರೆಯುತ್ತಿದ್ದವರು ಅರ್ಧಕ್ಕೇ ಕೈಬಿಟ್ಟು ಹೋಗಿದ್ದರು. ಹನ್ನೆರಡು ವಾರದ ಒಂದು ಪ್ರೇಮಕಥೆ ಬೇಕಾಗಿತ್ತು. ಬರೆದು ನೋಡಿ, ಪ್ರೀತಿಯಲ್ಲಿ ಅಳತೆ ತಪ್ಪಿದರೆ ಓದುಗರು ಯಾರೂ ಕಾಗದ ಬರೆಯುವುದಿಲ್ಲ ಎಂದರು. ಹಾಸ್ಯಕ್ಕೆ ಹೇಳಿದ್ದೆಂದು ತಿಳಿದರೂ ಅವಳು ನಗದೆ ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಧಾರಾವಾಹಿಗೆ ಒಪ್ಪಿದ್ದು ಬೇರೆ ಉಪಾಯವಿಲ್ಲದೆ. ಅವಳಿಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ: ಅಳತೆ ತಪ್ಪಿದ್ದು ಎಲ್ಲಿ, ತಪ್ಪಿಸಿದ್ದು ಯಾರು. ಅದು ತನ್ನ ಕೈಯೇ ಆಗಿದ್ದರೆ, ಗ್ರಾಂ ಮೇಡಂ ಎಂಬ ಮಾತು ಇಷ್ಟು ವರ್ಷವೂ ಬರೀ ಅಣಕವಾಗಿತ್ತು ಎಂದೇ ಅರ್ಥ.

ಮರುದಿನವೇ ಅವಳು ಇಪ್ಪತ್ತೊಂಬತ್ತರಲ್ಲಿ ಎರಡನ್ನು ಅಕ್ಕನಿಂದ ಮತ್ತೆ ಮಾಡಿಸಿದಳು. ಅಕ್ಕನ ಕೈಯಲ್ಲಿ ಎರಡೂ ಎಂದಿನಂತೆ ಒದಗಿ ಬಂದವು. ಆದರೆ ಡಬ್ಬಿಯ ವ್ಯತ್ಯಾಸ ಬೇರೆಯಿತ್ತು. ಬ್ರೆಡ್ಡಿಗೆ ಅಂದು ಅಚ್ಚಾಗಿದ್ದ ಹಿಟ್ಟು ನಾನೂರ ಅರವತ್ತೈದು, ಈಗ ಬಂದದ್ದು ಐನೂರು. ಕೇಕಿಗೆ ಅಂದು ಇನ್ನೂರ ಎಪ್ಪತ್ತೊಂಬತ್ತು, ಈಗ ಮುನ್ನೂರು. ಎರಡರಲ್ಲೂ ಅಚ್ಚಾದದ್ದು ನೂರಕ್ಕೆ ಏಳು ಕಡಿಮೆ. ಮೂರನೆಯದನ್ನು ಮಾಡು ಎಂದಾಗ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಸತ್ತ ಪುಟಕ್ಕೆ ಇನ್ನೆಷ್ಟು ದಿನ ಉಪ್ಪು ಹಾಕ್ತೀಯ ಎಂದು ಒಲೆ ಆರಿಸಿಬಿಟ್ಟಳು. ಅಕ್ಕ ಇಲ್ಲವೆಂದದ್ದು ಅದೇ ಮೊದಲು. ಬೇಸರವಿರಬೇಕೆಂದು ತಂಗಿ ಸುಮ್ಮನಾದಳು.

ತಕ್ಕಡಿಯ ಮೇಲೆ ಅವಳಿಗೆ ಅನುಮಾನ ಬರಲಿಲ್ಲ. ಕೆಟ್ಟಾಗಲೆಲ್ಲ ಅದು ರಿಪೇರಿಯಾಗಿತ್ತು, ಪ್ರತಿಯೊಂದು ರಿಪೇರಿಯ ತಾರೀಖೂ ನೀಲಿ ಪುಸ್ತಕದಲ್ಲಿತ್ತು. ಸರಿಹೋದ ದಿನವನ್ನು ಅವಳು ಬರೆದಿದ್ದಳು. ಕೆಟ್ಟ ದಿನವನ್ನು ಯಾರು ಬರೆಯುತ್ತಾರೆ?

ಮೊದಲ ಕಂತಿಗೆ ಅವಳು ನಾಲ್ಕು ದಿನ ಕೂತಳು. ಗುಂಡಿ ಮತ್ತು ದಾರ ಮಾರುವ ಅಂಗಡಿಯ ಹೆಂಗಸೊಬ್ಬಳು, ಆ ಅಂಗಡಿಯ ಗೋಡೆ ಗಡಿಯಾರವನ್ನು ಸರಿಮಾಡಲು ಬರುವ ಗಂಡಸೊಬ್ಬ. ಅವನು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬಂದ, ಎತ್ತರ ಐದು ಅಡಿ ಏಳು ಅಂಗುಲ, ಬಲಗೈಯಲ್ಲಿ ಚರ್ಮದ ಚೀಲ. ಸಂಪಾದಕರು ಓದಿ ಮುಗಿಸಿ ಸ್ವಲ್ಪ ಹೊತ್ತು ಹಣೆ ತಿಕ್ಕಿಕೊಂಡರು.

"ಮೇಡಂ, ಇದು ಪ್ರೇಮವೋ, ಪಂಚನಾಮೆಯೋ?"

ಅಚ್ಚಿಗೇನೋ ಕಳಿಸಿದರು, ಪುಟ ಖಾಲಿ ಬಿಡುವಂತಿರಲಿಲ್ಲ. ಎರಡನೆಯ ಕಂತು ಇದೇ ಥರ ಇದ್ದರೆ ಮೂರನೆಯದು ಇರುವುದಿಲ್ಲ ಎಂದೂ ಹೇಳಿದರು.

ಹೀಗೆ ಅವಳು ಎರಡನೆಯ ಕಂತನ್ನು ಅಡುಗೆಮನೆಗೆ ತೆಗೆದುಕೊಂಡು ಹೋದಳು. ಅಕ್ಕನಿಂದ ಪರೀಕ್ಷೆಯಾಗದ ಒಂದು ಸಾಲನ್ನೂ ಹತ್ತೊಂಬತ್ತು ವರ್ಷದಲ್ಲಿ ಅಚ್ಚಿಗೆ ಕೊಟ್ಟವಳಲ್ಲ. ಆ ಅಭ್ಯಾಸವೇ ಅವಳನ್ನು ಅಲ್ಲಿಗೆ ನಡೆಸಿತು. ಅಕ್ಕ ಅವರೆಕಾಳು ಸುಲಿಯುತ್ತ ಕೇಳಿಸಿಕೊಂಡಳು. ಮುಗಿದ ಮೇಲೆ ಸಿಪ್ಪೆಯನ್ನು ಬುಟ್ಟಿಗೆ ಹಾಕಿ, ಬೇಯಲಿಲ್ಲ ಅಂದಳು. ಎಲ್ಲಿ ಬೇಯಲಿಲ್ಲ ಎಂದು ಕೇಳಿದರೆ, ಅವಳು ಅವನ ಮುಖ ನೋಡೋದನ್ನ ತೆಗಿ ಎಂದಳು. ಹಾಗೆಲ್ಲ ಯಾರೂ ನೋಡುವುದಿಲ್ಲವಂತೆ. ಅವನು ಕೆಲಸ ಮಾಡುವಾಗ ಕೈ ನೋಡಬಹುದಂತೆ, ಕೈ ನೋಡಿದರೆ ಯಾರಿಗೂ ತಪ್ಪೆನಿಸುವುದಿಲ್ಲವಂತೆ. ಅವನು ಏನು ಮಾತಾಡಬೇಕು ಎಂದರೆ, ಗಡಿಯಾರದ ವಿಷಯ ಎಂದಳು. ಬರೀ ಗಡಿಯಾರವೇ ಎಂದರೆ, ಬೇರೆ ಮಾತಾಡಿದರೆ ಮುಂದಿನ ಸಲ ಬರುವುದಕ್ಕೆ ಅವನಿಗೇ ಸಂಕೋಚವಾಗುತ್ತದೆ ಎಂದಳು.

ತಂಗಿ ತಿದ್ದಿ ಬರೆದಳು. ಸಂಪಾದಕರು ಈ ಸಲ ಹಣೆ ತಿಕ್ಕಿಕೊಳ್ಳಲಿಲ್ಲ.

ಮೂರರಿಂದ ಆರರವರೆಗಿನ ಕಂತುಗಳು ಹೀಗೆಯೇ ಆದವು. ಮಧ್ಯಾಹ್ನ ಊಟದ ತಟ್ಟೆ ತೊಳೆದ ಮೇಲೆ ಓದುವುದು, ಅಕ್ಕ ಬೇಯಲಿಲ್ಲವೆಂದೋ ಹತ್ತಿತೆಂದೋ ಹೇಳುವುದು, ತಂಗಿ ತಿದ್ದುವುದು. ನಾಲ್ಕನೆಯ ಕಂತಿಗೆ ಓದುಗರ ಕಾಗದಗಳು ಬರತೊಡಗಿದವು. ಗ್ರಾಂ ಮೇಡಂ ಇಷ್ಟು ದಿನ ಇದನ್ನೆಲ್ಲ ಯಾವ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರು ಎಂದು ಪುಟವಿನ್ಯಾಸದವರು ಕಾಲೆಳೆದರು. ಅವಳಿಗೆ ನಗು ಬರಲಿಲ್ಲ. ಹೊಗಳಿಕೆಗಳೆಲ್ಲ ವಿಳಾಸ ತಪ್ಪಿ ತನ್ನ ಬಾಗಿಲಿಗೆ ಬಂದ ಅಂಚೆಯಂತೆ ಕಾಣುತ್ತಿದ್ದವು. ಇಪ್ಪತ್ತೊಂಬತ್ತರ ಪಟ್ಟಿಯನ್ನು ಅವಳು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಳು, ಬರೆಯುವಾಗಲೆಲ್ಲ ಅದು ಮೊಣಕೈಯ ಪಕ್ಕದಲ್ಲೇ ಇರುತ್ತಿತ್ತು.

ಏಳನೆಯ ಕಂತಿನಲ್ಲಿ ಕಥೆ ಕಗ್ಗಂಟಾಯಿತು. ಗಡಿಯಾರ ಸರಿಹೋಗಿದೆ, ಅವನು ಮತ್ತೆ ಬರಲು ಕಾರಣವಿಲ್ಲ. ದಾರಿಯಲ್ಲಿ ಆಕಸ್ಮಿಕವಾಗಿ ಭೇಟಿ ಮಾಡಿಸೋಣವೆಂದು ತಂಗಿ ಯೋಚಿಸಿದ್ದಳು. ಅಕ್ಕ ಮೂಗು ಮುರಿದಳು.

"ದಾರಿ ಯಾಕೆ? ಗಡಿಯಾರನ ಅವಳೇ ಕೆಡಿಸ್ತಾಳೆ."

"ಚೆನ್ನಾಗಿರೋದನ್ನ ಯಾಕೆ ಕೆಡಿಸ್ತಾಳೆ?"

"ಚೆನ್ನಾಗಿದ್ರೆ ಅವನು ಯಾಕೆ ಬರ್ತಾನೆ?" ಅಕ್ಕ ಚಾಕುವನ್ನು ನೀರಿಗೆ ಹಿಡಿದು ತೊಳೆದಳು. "ಪೂರ್ತಿ ಕೆಡಿಸಬಾರದು, ಬರ್ಕೋ. ಪೂರ್ತಿ ಕೆಟ್ರೆ ಅಂಗಡಿಗೆ ಹೊತ್ಕೊಂಡು ಹೋಗ್ತಾರೆ. ಇಲ್ಲೇ ಕೂತು ಸರಿಮಾಡೋವಷ್ಟು ಮಾತ್ರ ಕೆಡಿಸಬೇಕು."

ತಂಗಿ ಆ ಮಾತನ್ನು ಇದ್ದಂತೆಯೇ ಬರೆದಳು. ಅಷ್ಟು ಕಾಗದಗಳು ಆ ಪುಟಕ್ಕೆ ಹಿಂದೆಂದೂ ಬಂದಿರಲಿಲ್ಲ. ಎಂಟನೆಯ ಕಂತಿಗೆ ಅವಳಿಗೆ ಒಂದು ಸಣ್ಣ ಅಂಕಿ ಬೇಕಾಯಿತು: ಅಂಥ ರಿಪೇರಿಗೆ ಎಷ್ಟು ಹೊತ್ತು ಹಿಡಿಯುತ್ತದೆ? ಅಕ್ಕ ಯೋಚಿಸಲೂ ಇಲ್ಲ. ಒಂದು ಗಂಟೆ, ಟೀ ಕುಡಿದರೆ ಒಂದೂಕಾಲು ಎಂದಳು.

ತಂಗಿ ಹಾಳೆಯ ಮೇಲೆ ಒಂದೂಕಾಲು ಎಂದು ಬರೆದು, ಅದನ್ನೇ ನೋಡುತ್ತ ಕೂತಳು. ಆ ಅಂಕಿಯನ್ನು ತಾನು ಹಿಂದೆಯೂ ಬರೆದಿದ್ದೆನೆಂಬುದು ಅವಳಿಗೆ ಗೊತ್ತಿತ್ತು, ಒಂದಲ್ಲ, ಎಷ್ಟೋ ಸಲ. ಕೋಣೆಗೆ ಹೋಗಿ ಕಪಾಟಿನ ಕೆಳಗಿನ ಅಂಕಣದಿಂದ ನೀಲಿ ಪುಸ್ತಕಗಳನ್ನು ತೆಗೆದಳು. ತಕ್ಕಡಿಯವರ ಒಂದೊಂದು ಭೇಟಿಗೂ ಒಂದು ಸಾಲು: ತಾರೀಖು, ಬಂದ ಹೊತ್ತು, ಹೋದ ಹೊತ್ತು, ಬಟ್ಟು ಇಟ್ಟಾಗ ಮುಳ್ಳು ತೋರಿಸಿದ ಅಂಕಿ. ಹೊತ್ತುಗಳ ನಡುವಿನ ಅಂತರ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೂಕಾಲು ಗಂಟೆ. ಮುಳ್ಳು ತೋರಿಸಿದ್ದು ಹೆಚ್ಚುಕಡಿಮೆ ಎಲ್ಲದರಲ್ಲೂ ನೂರ ಎಂಬತ್ತಾರು.

ಮೂರು ದಿನ ಅವಳು ಕಂತನ್ನು ಮುಟ್ಟಲಿಲ್ಲ. ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು, ಒಂದು ಕಡೆ ಭೇಟಿಗಳನ್ನೂ ಇನ್ನೊಂದು ಕಡೆ ಕೈಕೊಟ್ಟ ಅಡುಗೆಗಳನ್ನು ಪರೀಕ್ಷಿಸಿದ ದಿನಗಳನ್ನೂ ಬರೆದಳು. ಹದಿಮೂರು ವರ್ಷದಲ್ಲಿ ತಕ್ಕಡಿಯವರು ನಲವತ್ತೊಂದು ಸಲ ಬಂದಿದ್ದರು. ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತೇಳು ಅಡುಗೆಗಳು ಅವರು ಬರುವುದಕ್ಕೆ ಹಿಂದಿನ ಎರಡು ಮೂರು ವಾರಗಳಲ್ಲಿ ಬಿದ್ದವು. ಉಳಿದೆರಡು ಅವಳದೇ ತಪ್ಪು. ಒಂದರಲ್ಲಿ ದೊಡ್ಡ ಚಮಚವೆನ್ನುವ ಕಡೆ ಸಣ್ಣ ಚಮಚವೆಂದು ಬರೆದಿದ್ದಳು, ಇನ್ನೊಂದರಲ್ಲಿ ಬೆಣ್ಣೆಯನ್ನೇ ಬಿಟ್ಟಿದ್ದಳು. ಅದೇ ವಾರಗಳಲ್ಲಿ ಮಾಡಿದ್ದ ಸೂಪು ಪಲ್ಯಗಳು ಕೈಕೊಟ್ಟಿರಲಿಲ್ಲ, ಏಕೆಂದರೆ ನೂರಕ್ಕೆ ಏಳರ ತಪ್ಪನ್ನು ಸೂಪು ಗಮನಿಸುವುದಿಲ್ಲ, ಹಿಟ್ಟು ಗಮನಿಸುತ್ತದೆ. ಮತ್ತೂ ಒಂದಿತ್ತು. ತಕ್ಕಡಿಯವರು ತೀರಿಕೊಂಡ ಮೇಲೆ, ಅಂದರೆ ಕಳೆದ ಎರಡು ಚಿಲ್ಲರೆ ವರ್ಷಗಳಲ್ಲಿ, ಆ ಹಳೆಯ ತಕ್ಕಡಿ ಒಂದು ತಿಂಗಳೂ ಒಂದು ಗ್ರಾಂ ಕೂಡ ತಪ್ಪಿರಲಿಲ್ಲ.

ಇಷ್ಟು ಸಲ ಯಾಕೆ ಕೆಡುತ್ತದೆಂದು ಅವಳು ಹಿಂದೊಮ್ಮೆ ಅವರನ್ನು ಕೇಳಿದ್ದುಂಟು. ಸ್ಪ್ರಿಂಗ್ ಹಳತಾಗಿದೆ, ಆಗಾಗ ಸಡಿಲವಾಗುತ್ತೆ ಎಂದಿದ್ದರು. ಹಾಗಾದರೆ ಹೊಸದನ್ನೇ ಕೊಳ್ಳಲೇ ಎಂದಾಗ, ಬೇಡಿ, ನಾನಿದ್ದೀನಲ್ಲ ಎಂದಿದ್ದರು.

ಕೊನೆಯದಾಗಿ ಅವಳು ಸಾವಿನ ಸುದ್ದಿ ಬಂದ ದಿನದ ಪುಟ ತೆಗೆದಳು. ಅಂಗಡಿಯಿಂದ ಫೋನು ಬಂದಾಗ ಅಕ್ಕ ಹಿಟ್ಟು ನಾದುತ್ತಿದ್ದಳು. ಹೌದಾ ಎಂದಷ್ಟೇ ಕೇಳಿದ್ದಳು. ಆ ದಿನದ ಬ್ರೆಡ್ಡು ಇಟ್ಟಿಗೆಯಾಗಿತ್ತು. ಪುಟದ ಅಂಚಿನಲ್ಲಿ ತನ್ನದೇ ದುಂಡು ಅಕ್ಷರ: ಅತಿಯಾಗಿ ನಾದಿದ್ದು, ಕಾರಣ ತಿಳಿಯದು.

ಅವಳು ಹಾಳೆಯನ್ನು ಮಡಿಸಿಕೊಂಡು ಅಡುಗೆಮನೆಗೆ ಹೋದಳು. ಹೊರಗೆ ಮಧ್ಯಾಹ್ನದ ಮಂಕು ಬಿಸಿಲು, ಎದುರು ಕಟ್ಟಡದ ಗೋಡೆಗೆ ಬಡಿದು ಮಾಸಲಾಗಿ ಒಳಗೆ ಬರುತ್ತಿತ್ತು. ಅಕ್ಕ ಆಲೂಗಡ್ಡೆ ಹೆರೆಯುತ್ತಿದ್ದಳು.

"ತಕ್ಕಡಿ ತಿರುಪು ತಿರುಗಿಸ್ತಿದ್ದಿದ್ದು ನೀನು."

ಅಕ್ಕ ತಲೆ ಎತ್ತಲಿಲ್ಲ. "ಯಾವಾಗ ಗೊತ್ತಾಯ್ತು?"

"ಈಗ."

"ಇಷ್ಟು ದಿನ ಬೇಕಾಯ್ತಾ?" ಅಕ್ಕ ಆ ಆಲೂಗಡ್ಡೆಯನ್ನು ಪೂರ್ತಿ ಹೆರೆದು ನೀರಿಗೆ ಹಾಕಿದಳು. "ಬರೆಯೋಳು ನೀನು."

ಆಮೇಲೆ ಅಕ್ಕ ಹೇಳಿದ್ದು ಬಹಳವಿಲ್ಲ. ಮೊದಲ ಸಲ ಅವರು ಬಂದಾಗ ತಕ್ಕಡಿ ನಿಜವಾಗಿಯೇ ತಪ್ಪಿತ್ತು. ನೆಲದ ಮೇಲೆ ದಿನಪತ್ರಿಕೆ ಹಾಸಿ, ತಕ್ಕಡಿಯನ್ನು ಮಗುಚಿ, ಯಾವ ತಿರುಪು ಏನು ಮಾಡುತ್ತದೆಂದು ಅಕ್ಕನಿಗೆ ಒಂದೊಂದಾಗಿ ತೋರಿಸಿದ್ದರು. ಮೇಲಿನದು ಸೊನ್ನೆಗೆ. ಅಡಿಯಲ್ಲಿರುವುದು ಭಾರಕ್ಕೆ, ಅದನ್ನು ತಿರುಗಿಸಿದರೆ ಖಾಲಿ ತಟ್ಟೆಗೆ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ, ಭಾರ ಬಿದ್ದಾಗ ಮಾತ್ರ ಸುಳ್ಳು ಹೇಳುತ್ತದೆ. ಅಷ್ಟು ವಿವರವಾಗಿ ಅಕ್ಕನೊಂದಿಗೆ ಯಾವುದರ ಬಗ್ಗೆಯೂ ಯಾರೂ ಮಾತಾಡಿರಲಿಲ್ಲ. ಅವರಿಗೆ ಹೆಂಡತಿ, ಮಗಳು, ತುಂಬಿದ ಸಂಸಾರ. ಅಕ್ಕನಿಗೆ ಅದರಲ್ಲಿ ಏನೂ ಬೇಕಾಗಿರಲಿಲ್ಲ. ಮನೆ ತೀರಾ ಸುಮ್ಮನಾದಾಗ, ವರ್ಷಕ್ಕೆ ಮೂರು ಸಲ, ಆ ತಿರುಪನ್ನು ಒಂದೂವರೆ ಸುತ್ತು ತಿರುಗಿಸುವುದು. ಮೊದಲ ಸೋಮವಾರ ಬರುತ್ತದೆ, ತಂಗಿ ಬಟ್ಟು ಇಡುತ್ತಾಳೆ, ತಂಗಿಯೇ ಫೋನು ಮಾಡುತ್ತಾಳೆ. ಅವರು ಬಂದು ಆ ದಿನ ಮನೆಯಲ್ಲಿ ಪರೀಕ್ಷೆಯಾದದ್ದನ್ನು ಒಂದು ತುಂಡು ತಿಂದು, ಟೀ ಕುಡಿದು, ತಕ್ಕಡಿಯ ಮಾತಾಡಿ ಹೋಗುತ್ತಾರೆ. ಅಷ್ಟೇ. ಆ ಮುಳ್ಳಿನ ಅಂಕಿ ಪತ್ರಿಕೆಯ ಓದುಗರ ಮನೆಯವರೆಗೂ ಹೋಗುತ್ತದೆಂಬುದು ಅಕ್ಕನಿಗೆ ಹೊಳೆದೇ ಇರಲಿಲ್ಲ. ಅಂಕಿಗಳನ್ನು ಅವಳು ತಂಗಿಯ ಬರವಣಿಗೆಯ ಒಂದು ಸೊಗಸು ಎಂದು ತಿಳಿದಿದ್ದಳು. ಹೊಳೆದದ್ದು ಮಾರ್ಚಿನಲ್ಲಿ, ಆ ಎರಡು ಅಡುಗೆಗಳನ್ನು ಮತ್ತೆ ಮಾಡಿದ ದಿನ.

ಅಂದೇ ಹೇಳಬಹುದಿತ್ತಲ್ಲ ಎಂದು ತಂಗಿ ಕೇಳಿದಳು. ಐವತ್ತೈದು ವರ್ಷದವಳು ತಂಗಿಯ ಮುಂದೆ ಕೂತು ಏನೆಂದು ಹೇಳಲಿ ಎಂದು ಅಕ್ಕ ಕೇಳಿದಳು.

ತಂಗಿಗೆ ಆಗ ಕಂಡದ್ದು ಅಕ್ಕನ ಮುಖವಲ್ಲ, ಸಂಪಾದಕರು ಒರೆಸಿಕೊಂಡ ಕನ್ನಡಕ. ಅವಳು ಹೇಳಬಾರದ್ದನ್ನು ಹೇಳಿದಳು, ಅದೂ ಅಳೆದು ತೂಗಿಯೇ ಹೇಳಿದಳು.

"ನಿನ್ನ ಒಂದೂಕಾಲು ಗಂಟೆಗೆ ನನ್ನ ಹತ್ತೊಂಬತ್ತು ವರ್ಷ ಹೋಯ್ತು. ಹೋಗಲಿ, ಅವರಿಗಾದ್ರೂ ಗೊತ್ತಿತ್ತಾ? ಇಲ್ಲ, ಅವರನ್ನೂ ನನ್ನ ಹಾಗೇ ಮಂಗ ಮಾಡಿದ್ಯಾ?"

ಅಕ್ಕ ಚಾಕು ಕೆಳಗಿಟ್ಟಳು.

"ಅದೊಂದು ನನಗೂ ಗೊತ್ತಿಲ್ಲ," ಎಂದಳು ಆಮೇಲೆ. "ಮಂಡಿ ನೋವಿತ್ತು ಅವರಿಗೆ. ಎರಡನೇ ಮಹಡಿಲಿ ನಿಂತು ಸುಧಾರಿಸ್ಕೊಳ್ಳೋರು, ಇಲ್ಲಿಗೆ ಕೇಳ್ಸೋದು. ಗೊತ್ತಿದ್ದೂ ಬಂದಿದ್ರೆ ಅದು ಒಂದು. ಗೊತ್ತಿಲ್ದೆ ಬಂದಿದ್ರೆ, ಸುಳ್ಳು ಹೇಳಿ ಅವರನ್ನ ಅಷ್ಟು ಮೆಟ್ಟಿಲು ಹತ್ತಿಸಿದೆ. ಹದಿಮೂರು ವರ್ಷ. ಅವರು ಹೋದ ಮೇಲೆ ನನಗೆ ಬೇರೆ ಯೋಚನೇನೇ ಇಲ್ಲ."

ಆ ಮಧ್ಯಾಹ್ನದಿಂದ ಅಕ್ಕ ಮಾತು ನಿಲ್ಲಿಸಿದಳು. ಮುನಿಸಿನ ಮೌನವಾಗಿದ್ದರೆ ತಂಗಿಗೆ ಮುರಿಯುವ ಉಪಾಯ ಗೊತ್ತಿತ್ತು, ಇದು ಹಾಗಿರಲಿಲ್ಲ. ಅಕ್ಕ ಹೊತ್ತು ಹೊತ್ತಿಗೆ ಬೇಯಿಸಿ ಬಡಿಸುತ್ತಿದ್ದಳು, ಬಟ್ಟೆ ಒಣಹಾಕುತ್ತಿದ್ದಳು, ತಕ್ಕಡಿಯಿದ್ದ ಕಲ್ಲುಕಟ್ಟೆಯ ಮೂಲೆಗೆ ಮಾತ್ರ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಎಂಟರಿಂದ ಹನ್ನೊಂದರವರೆಗಿನ ಕಂತುಗಳನ್ನು ತಂಗಿ ಒಬ್ಬಳೇ, ವಾರ ಕಾಯದೆ ಒಂದರ ಹಿಂದೊಂದಾಗಿ ಬರೆದು ಕೊಟ್ಟಳು. ಅವು ಹೇಗೋ ನಡೆದವು. ಏಳನೆಯ ಕಂತಿನ ಬಿಸಿ ಇನ್ನೂ ಆರಿರಲಿಲ್ಲ.

ಹನ್ನೆರಡನೆಯದು ಮುಂದೆ ಹೋಗಲಿಲ್ಲ. ಓದುಗರ ಕಾಗದಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಸಂಪಾದಕರು ಅದನ್ನೇ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಳಿಸಿದ್ದರು: ಅವಳು ಬೇಕೆಂದೇ ಕೆಡಿಸುತ್ತಿದ್ದದ್ದು ಗಡಿಯಾರದವನಿಗೆ ಗೊತ್ತಿತ್ತೇ? ತಂಗಿ ಎರಡು ಕೊನೆ ಬರೆದಳು, ಒಂದರಲ್ಲಿ ಗೊತ್ತಿತ್ತು, ಇನ್ನೊಂದರಲ್ಲಿ ಗೊತ್ತಿರಲಿಲ್ಲ. ಎರಡನ್ನೂ ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು. ಅಕ್ಕ ಕನ್ನಡಕ ಹಾಕಿಕೊಂಡು ಎರಡನ್ನೂ ನಿಧಾನವಾಗಿ ಓದಿ, ಅಂಚು ಸರಿಮಾಡಿ, ತಿರುಗಿ ಕೊಟ್ಟಳು.

"ಇದನ್ನ ನಾನು ಮಾಡಿ ನೋಡಿಲ್ಲ."

ಹದಿನಾರು ದಿನಗಳಲ್ಲಿ ಅಕ್ಕ ಆಡಿದ ಮಾತು ಅದೊಂದೇ. ಎರಡು ಕೊನೆಗಳಲ್ಲಿ ಯಾವುದನ್ನು ಅಚ್ಚಿಗೆ ಕೊಟ್ಟರೂ ಅದು ಪರೀಕ್ಷೆಯಾಗದ ಅಂಕಿ ಎಂಬುದು ತಂಗಿಗೆ ತಿಳಿದಿತ್ತು. ಮತ್ತು ಇದು ಬರೀ ಕಂತಿನ ಪ್ರಶ್ನೆಯಲ್ಲವೆಂದೂ ತಿಳಿದಿತ್ತು. ಆ ಮಾತನ್ನು ಸಿಟ್ಟಿನಲ್ಲಿ ಎತ್ತಿ ಅಕ್ಕನ ಮುಂದೆ ಇಟ್ಟವಳು ತಾನೇ.

ಜೂನ್ ತಿಂಗಳ ಮೊದಲ ಸೋಮವಾರ ಅವಳು ತಕ್ಕಡಿಯ ಮೇಲೆ ಬಟ್ಟು ಇಟ್ಟಳು. ಮುಳ್ಳು ಇನ್ನೂರಕ್ಕೆ ನಿಂತಿತು. ಅವಳು ತಕ್ಕಡಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು, ಬಸ್ಸು ಹಿಡಿದು ಅಂಗಡಿಗೆ ಹೋದಳು.

ಚಪ್ಪಲಿ ರಿಪೇರಿಯವನ ಗೂಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಕಿರಿದಾದ ಮಳಿಗೆ. ಒಳಗೆ ನೆಲದಿಂದ ಸೂರಿನವರೆಗೆ ತಕ್ಕಡಿಗಳು, ಎಲ್ಲವುಗಳ ಮುಳ್ಳೂ ಸೊನ್ನೆಯಲ್ಲಿ. ಈಗ ಅಲ್ಲಿ ಕೂರುತ್ತಿದ್ದವನು ತೀರಿಕೊಂಡವರ ಅಳಿಯ, ನಲವತ್ತು ದಾಟಿದ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ ಮನುಷ್ಯ. ಏನಾಗಿದೆ ಎಂದು ಕೇಳಿದ. ಏನೂ ಆಗಿಲ್ಲ, ಒಮ್ಮೆ ನೋಡಿ ಎಂದಳು. ಅವನು ತಕ್ಕಡಿಯನ್ನು ಮಗುಚಿ ದೀಪದ ಕೆಳಗೆ ಹಿಡಿದ. ಸ್ಪ್ರಿಂಗನ್ನು ಬೆರಳಿನಿಂದ ಮೀಟಿ, ಇನ್ನು ಮೂವತ್ತು ವರ್ಷ ಇದಕ್ಕೇನೂ ಆಗುವುದಿಲ್ಲ ಎಂದ. ಆಮೇಲೆ ಅಡಿಯ ತಿರುಪನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಇದಕ್ಕೆ ಅರಗು ಎಲ್ಲಿ ಹೋಯ್ತು?"

ಅವಳಿಗೆ ಅರ್ಥವಾಗಲಿಲ್ಲ. ಅವನು ಕಪಾಟಿನಿಂದ ಬೇರೊಂದು ತಕ್ಕಡಿಯನ್ನು ತೆಗೆದು ಮಗುಚಿ ತೋರಿಸಿದ. ಅದೇ ತಿರುಪಿನ ತಲೆಯ ಮೇಲೆ ಕೆಂಪು ಅರಗಿನ ಗಟ್ಟಿ ಹನಿ. ಅಳತೆ ಕೂಡಿಸಿದ ಮೇಲೆ ಅರಗು ಸುರಿದು ಮುಚ್ಚುವುದು ಈ ಕಸುಬಿನ ಮೊದಲ ಪಾಠ, ಇಲ್ಲದಿದ್ದರೆ ಯಾರು ಬೇಕಾದರೂ ಬೆರಳಲ್ಲೇ ತಿರುಗಿಸಿಬಿಡಬಹುದು ಎಂದು ವಿವರಿಸಿದ. ಮಾವ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಂದು ಸಲ ತಾನು ಮರೆತು ಬಂದದ್ದಕ್ಕೆ ಮಳೆಯಲ್ಲೇ ವಾಪಸು ಅಟ್ಟಿದ್ದರಂತೆ.

ನಮ್ಮ ಮನೆಯ ರಿಪೇರಿ ಚೀಟಿಗಳು ಉಳಿದಿವೆಯೇ ಎಂದು ಅವಳು ಕೇಳಿದಳು. ಮಾವ ಒಂದು ಚೀಟಿಯನ್ನೂ ಎಸೆದವರಲ್ಲ ಎಂದು ಅವನು ಒಳಗಿನಿಂದ ಉದ್ದನೆಯ ತಗಡಿನ ಪೆಟ್ಟಿಗೆ ತಂದ. ಒಂದೊಂದು ಚೀಟಿಯಲ್ಲೂ ನಾಲ್ಕು ಮನೆ: ತಾರೀಖು, ಕಂಡ ದೋಷ, ಮಾಡಿದ ಕೆಲಸ, ಅರಗು. ಅರಗು ಹಾಕಿದ್ದರೆ ಕೊನೆಯ ಮನೆಯಲ್ಲಿ ಒಂದು ಸುತ್ತು ಗುರುತು. ಅವಳ ಮನೆಯ ಚೀಟಿಗಳು ದಾರದಲ್ಲಿ ಪೋಣಿಸಿ ಕ್ರಮವಾಗಿಯೇ ಇದ್ದವು. ಅವಳು ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು ಓದಿದಳು. ಒಂದೇ ಮನೆಯ ಚೀಟಿ ನೋಡಿದರೆ ಏನೂ ಸಾಬೀತಾಗುವುದಿಲ್ಲವೆಂದು, ಅವನ ಒಪ್ಪಿಗೆ ಪಡೆದು, ಅದೇ ಹದಿಮೂರು ವರ್ಷಗಳ ಉಳಿದ ಗಿರಾಕಿಗಳ ಚೀಟಿಗಳನ್ನೂ ಒಂದೊಂದಾಗಿ ತಿರುವಿದಳು. ಅದಕ್ಕೆ ಮಧ್ಯಾಹ್ನ ಮೂರೂವರೆಯಾಯಿತು. ಅವನು ಎರಡು ಸಲ ಟೀ ತರಿಸಿದ. ಎರಡೂ ಅವಳ ಪಕ್ಕದಲ್ಲೇ ತಣ್ಣಗಾದವು.

ಆಮೇಲೆ ಅವಳು ಚೀಲದಿಂದ ನೀಲಿ ಪುಸ್ತಕವನ್ನು ತೆಗೆದು, ಆ ಸೋಮವಾರದ ತಾರೀಖಿನ ಕೆಳಗೆ ಬರೆದಳು:

ಮೊದಲ ಭೇಟಿಯ ಚೀಟಿಯಲ್ಲಿ ಅರಗಿನ ಗುರುತು ಇದೆ. ಎರಡನೆಯ ಚೀಟಿಯಲ್ಲಿ, ಕಂಡ ದೋಷದ ಮನೆಯಲ್ಲಿ, ಅವರ ಕೈಬರಹ: ಅರಗು ಕೆರೆದು ತೆಗೆದಿದ್ದಾರೆ, ತಿರುಪು ಒಂದೂವರೆ ಸುತ್ತು ತಿರುಗಿಸಿದ್ದಾರೆ. ಆ ಭೇಟಿಯಿಂದ ನಲವತ್ತೊಂದನೆಯ ಭೇಟಿಯವರೆಗೆ ಅವರು ಈ ತಕ್ಕಡಿಗೆ ಅರಗು ಹಾಕಲಿಲ್ಲ. ಅದೇ ಅವಧಿಯ ಬೇರೆ ಗಿರಾಕಿಗಳ ಆರುನೂರ ಹನ್ನೆರಡು ಚೀಟಿಗಳಲ್ಲಿ ಅರಗಿನ ಗುರುತು ಇಲ್ಲದ್ದು ಒಂದೂ ಇಲ್ಲ.